ಮಾಲಾ ಅವತ್ತು ಕುಡಿದಿರಲಿಲ್ಲ

ಪೊರಕೆ ಹಿಡಿದ ಕೈ ನಡುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪೊರಕೆ ಹೇಗೂ ಆಡುತ್ತಿರುತ್ತದೆ. ಓಬಳಮ್ಮ ವರ್ಷಗಟ್ಟಲೆ ತನ್ನ ನಡುಕವನ್ನು ಹಾಗೆ ಬಚ್ಚಿಟ್ಟುಕೊಂಡು ಆರ್‌ಪಿಸಿ ಲೇಔಟಿನ ಬೀದಿ ಗುಡಿಸಿದಳು. ಬಿಸಿಲೇರುವ ಹೊತ್ತಿಗೆ ನಡುಕ ಬೆರಳಿಂದ ಮೊಣಕೈಗೆ, ಮೊಣಕೈಯಿಂದ ದವಡೆಗೆ ಬರುತ್ತಿತ್ತು. ಆಗ ಟ್ರಾನ್ಸ್‌ಫಾರ್ಮರ್ ಹಿಂದೆ ಹೋಗುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಾರಾಯಿ ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿದು ಬಾಯಿಗೆ ಹಿಂಡಿಕೊಳ್ಳುತ್ತಿದ್ದಳು. ದವಡೆ ನಿಲ್ಲುತ್ತಿತ್ತು. ಮತ್ತೆ ಬಂದು ಪೊರಕೆ ಹಿಡಿಯುತ್ತಿದ್ದಳು.

ಅವಳಿಗೆ ಕುಡಿಯೋದು ಕಲಿಸಿದ್ದು ಕೆಲಸ. ಗಂಡ ಸತ್ತ ಮೇಲೆ ಅವನ ಜಾಗಕ್ಕೆ ಬಂದ ಮೊದಲನೇ ಮಳೆಗಾಲ. ಮೋರಿ ಕಟ್ಟಿಕೊಂಡಿತ್ತು. ಮೋರಿಗಿಳಿಯೋದು ಗುಡಿಸೋರ ಕೆಲಸ ಅಲ್ಲ. ಆದರೂ ಮೇಸ್ತ್ರಿ ಗಿರಿರಾಜ್ ಇಳಿಸಿದ. ಚಪ್ಪಡಿಯ ಕೆಳಗೆ ಸತ್ತ ನಾಯಿ ಸಿಕ್ಕಿಕೊಂಡಿತ್ತು. ಓಬಳಮ್ಮ ಕಾಲು ಹಿಡಿದು ಎಳೆದಳು. ಕಾಲು ಮಾತ್ರ ಕೈಗೆ ಬಂತು. ಅಲ್ಲೇ ವಾಂತಿ ಮಾಡಿಕೊಂಡಳು. ಗಿರಿರಾಜ್ ಮೇಲಿಂದಲೇ ಒಂದು ಪ್ಯಾಕೆಟ್ ಎಸೆದ.

"ಕುಡ್ಕೊಳಮ್ಮ. ವಾಸನೆ ಹೊಡೆಯಲ್ಲ."

ಕುಡಿದಳು. ಅವನು ಹೇಳಿದ್ದು ನಿಜ, ವಾಸನೆ ಹೊಡೆಯಲಿಲ್ಲ. ಸಂಜೆ ಅನ್ನ ಕಲಸುವಾಗ ಆ ಕಾಲು ಕಣ್ಣ ಮುಂದೆ ಬಂತು. ತಟ್ಟೆ ಸರಿಸಿ ಇನ್ನೊಂದು ಪ್ಯಾಕೆಟ್ ತಂದಳು. ಅಲ್ಲಿಂದ ಆಮೇಲೆ ಅನ್ನ ಬಿಟ್ಟರೂ ಅದನ್ನು ಬಿಡಲಾಗಲಿಲ್ಲ.

ಗಂಡನೂ ಕುಡಿದೇ ಸತ್ತವನು. ಅವನು ಸತ್ತಾಗ ಪೈಪ್‌ಲೈನ್ ಪಕ್ಕದ ಶೀಟ್ ಮನೆಗಳ ಜನವೆಲ್ಲ ಬಂದು ಪಾಪ ಅಂದಿದ್ದರು. ಗಂಡಸು, ಕಷ್ಟದ ಕೆಲಸ, ಕುಡಿದ, ಹೋದ. ತಮಟೆ ಬಡಿದು ಹೂ ಚೆಲ್ಲಿ ಕಳಿಸಿದರು. ಹೆಂಗಸು ಅದೇ ಕೆಲಸ ಮಾಡಿ ಅದನ್ನೇ ಕುಡಿದರೆ ಪಾಪ ಅನ್ನುವ ನಾಲಿಗೆ ಯಾರಿಗೂ ಇಲ್ಲ. ಥೂ ಅನ್ನುತ್ತಾರೆ. ನಲ್ಲಿ ಹತ್ತಿರ ಓಬಳಮ್ಮ ಬಿಂದಿಗೆ ಇಟ್ಟರೆ ಪಕ್ಕದ ಬಿಂದಿಗೆ ಜರುಗುತ್ತಿತ್ತು.

ಮಗಳು ಸೌಂದರ್ಯಾಳನ್ನು ಕೆಂಗೇರಿಗೆ ಕೊಟ್ಟಿತ್ತು. ಅವಳ ಸೀಮಂತಕ್ಕೆ ಓಬಳಮ್ಮ ಹಸಿರು ಬಳೆ, ಹೂವು ತಗೊಂಡು ಹೋದಳು. ಅವತ್ತು ಕುಡಿಯಬಾರದು ಅಂತಲೇ ಹೊರಟಿದ್ದಳು. ಬಸ್ಸಲ್ಲಿ ಬೆವರು ಕಿತ್ತುಕೊಂಡಿತು. ಕಂಬಿ ಹಿಡಿಯಲಾಗಲಿಲ್ಲ. ಇಳಿದವಳೇ ಒಂದು ಗುಟುಕು ಹಾಕಿಕೊಂಡಳು. ಬೀಗಿತ್ತಿ ಹೊಸಲಲ್ಲೇ ತಡೆದಳು.

"ಹೊಟ್ಟೆಲಿರೋ ಮಗೂಗೂ ವಾಸನೆ ಹಿಡಿಸಬೇಡ ತಾಯಿ. ಹೊರಗೆ ಕೂತ್ಕೊ. ಎಲೆ ಅಲ್ಲಿಗೇ ಕಳಿಸ್ತೀನಿ."

ಕಳಿಸಿದರು. ಬೀದಿಯಲ್ಲಿ, ಚಪ್ಪಲಿಗಳ ಪಕ್ಕ, ಓಬಳಮ್ಮ ಮಗಳ ಸೀಮಂತದ ಊಟ ಮಾಡಿದಳು. ಒಳಗೆ ಹಾಡು ಹೇಳುತ್ತಿದ್ದರು. ಬಳೆಯನ್ನು ಯಾರೋ ಬಂದು ಇಸಕೊಂಡು ಹೋದರು. ಸೌಂದರ್ಯಾ ಕಿಟಕಿಯಲ್ಲಿ ಒಂದು ಸಲ ಕಂಡಳು. ಅತ್ತಿದ್ದ ಮುಖ. ಅವಳು ಕರೆಯಲಿಲ್ಲ.

ಅವತ್ತು ಬಿಡಬೇಕು ಅನ್ನಿಸಿತು. ಬಿಡಿಸುವವರು ಎಲ್ಲಿದ್ದಾರೆ?

ಅಣ್ಣ ಮುನಿಯಪ್ಪ ಬೈಕಲ್ಲಿ ಕೂರಿಸಿಕೊಂಡು ಕೆಂಗೇರಿ ಆಚೆ ಒಂದು ಸೆಂಟರಿಗೆ ಕರಕೊಂಡು ಹೋದ. ಎತ್ತರದ ಗೋಡೆ, ಕಬ್ಬಿಣದ ಗೇಟು. ಗೇಟಿನ ಕಿಂಡಿ ತೆಗೆದವನು ಮುನಿಯಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಎಷ್ಟು ವರ್ಷದಿಂದ ಕುಡೀತೀಯ?"

"ನಾನಲ್ಲ ಸಾರ್. ಇವಳು, ನನ್ನ ತಂಗಿ."

"ಲೇಡೀಸ್‌ಗಿಲ್ಲ."

ಮೇಲಿನ ಕಿಟಕಿಗೆ ನಾಲ್ಕಾರು ಗಂಡಸರು ಬಂದು ನಿಂತಿದ್ದರು. "ಲೇಡೀಸ್ ಬಂದವ್ರೆ ಮಚ್ಚಾ!" ಅಂತ ಒಬ್ಬ ಕೂಗಿದ. ಮಿಕ್ಕವರು ನಕ್ಕರು. ಅವರೂ ಕುಡಿದೇ ಅಲ್ಲಿಗೆ ಸೇರಿದವರು. ದೊಡ್ಡ ಆಸ್ಪತ್ರೆಗೆ ಹೋದರೆ ಡಾಕ್ಟರು ಒಳ್ಳೆಯ ಮಾತಾಡಿದರು. ಸೇರಿಸ್ಕೋತೀವಿ, ಜೊತೆಗೆ ಮನೆಯವರು ಒಬ್ಬರು ಇರಬೇಕು ಅಂದರು. ಯಾರಿರುತ್ತಾರೆ? ಗಂಡ ಇಲ್ಲ. ಮಗಳನ್ನು ಕಳಿಸುವುದಿಲ್ಲ. ಅಣ್ಣನ ಹೆಂಡತಿ ಇವಳ ಹೆಸರೆತ್ತಿದರೆ ಮುಖ ತಿರುವುತ್ತಾಳೆ. ರಜ ಹಾಕಿದರೆ ಗಿರಿರಾಜ್ ಬೇರೆಯವರನ್ನು ತಂದು ನಿಲ್ಲಿಸುತ್ತಾನೆ. ಓಬಳಮ್ಮ ವಾಪಸ್ ಬಂದಳು, ಟ್ರಾನ್ಸ್‌ಫಾರ್ಮರ್ ಹಿಂದಕ್ಕೆ.

ಅಲ್ಲೇ ಸಿಸ್ಟರ್ ಗುರುದೇವಿ ಅವಳನ್ನು ಕಂಡದ್ದು. ವಾರ್ಡಿನ ಆರೋಗ್ಯ ಕೇಂದ್ರದ ನರ್ಸು, ಧಾರವಾಡದ ಕಡೆಯ ಹೆಂಗಸು. ಬೈಯಲಿಲ್ಲ. ಮೂಗು ಮುಚ್ಚಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಯವ್ವಾ, ಕೈ ಎಷ್ಟ್ ದಿನದಿಂದ ಹಿಂಗ ನಡಗಾಕತ್ತಾವು?"

ಜ್ವರ ಎಷ್ಟು ದಿನದಿಂದ ಅಂತ ಕೇಳೋ ಹಾಗೆ ಕೇಳಿದಳು. ಆಸ್ಪತ್ರೆಯ ಹೊರಗೆ ಓಬಳಮ್ಮನ ಕುಡಿತವನ್ನು ಕಾಯಿಲೆ ಅಂತ ನೋಡಿದವರಲ್ಲಿ ಅವಳೇ ಮೊದಲು. ಓಬಳಮ್ಮ ಅತ್ತುಬಿಟ್ಟಳು.

ಪಾರ್ಕಿನ ಮೂಲೆಯಲ್ಲಿ ಒಂದು ಸಮುದಾಯ ಭವನ ಇತ್ತು. ಸರ್ಕಾರದ ದುಡ್ಡಲ್ಲಿ ಕಟ್ಟಿದ್ದು, ಬೀಗದ ಕೈ ಮಾತ್ರ ಲೇಔಟಿನ ನಾಗರಿಕರ ಸಂಘದ ಕೈಲಿ. ಬುಧವಾರ ಮಧ್ಯಾಹ್ನ ಹೆಂಗಸರ ಆರೋಗ್ಯ ಶಿಬಿರ ಅಂತ ಕೇಳಿ ಗುರುದೇವಿ ಅದನ್ನು ತೆಗೆಸಿಕೊಂಡಿದ್ದಳು. ಅಲ್ಲಿ ಚಾಪೆ ಹಾಸಿ ಹೆಂಗಸರನ್ನು ಕೂರಿಸುತ್ತಿದ್ದಳು. ಪಾತ್ರೆ ತಿಕ್ಕುವವರು, ಗಾರ್ಮೆಂಟ್ಸಿನವರು, ಛತ್ರದಲ್ಲಿ ಎಂಜಲೆಲೆ ಎತ್ತುವವರು. ಎಲ್ಲರೂ ಕುಡಿಯುವವರು, ಇಲ್ಲ ಕುಡಿಯುತ್ತಿದ್ದವರು. ಮಾತ್ರೆ ಕೊಡುತ್ತಿದ್ದಳು, ಇಂಜೆಕ್ಷನ್ ಚುಚ್ಚುತ್ತಿದ್ದಳು, ಆಮೇಲೆ ಮಾತಾಡಿಸುತ್ತಿದ್ದಳು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಅದೊಂದೇ ಅಲ್ಲಿನ ಕಟ್ಟಳೆ.

"ಒಮ್ಮೆಲೇ ಬಿಡಬ್ಯಾಡ್ರಿ," ಅಂತ ಮೊದಲೇ ಹೇಳಿದ್ದಳು. "ಮೈ ತಡಕೊಳ್ಳಂಗಿಲ್ಲ. ಫಿಟ್ಸ್ ಬರ್ತಾವು, ಜೀವಾನೂ ಹೋಗ್ತೈತಿ. ಮಾತ್ರೆ ತಗೊಂಡು, ನನ್ನ ಕಣ್ಣ ಮುಂದ ಬಿಡ್ರಿ."

ಓಬಳಮ್ಮನೂ ಮಾಲಾನೂ ಒಟ್ಟಿಗೆ ಬಿಟ್ಟರು. ಮಾಲಾ ಕಸದ ಆಟೋದಲ್ಲಿ ಹಿಂದೆ ನಿಂತು ಬಕೆಟ್ ಇಸಕೊಳ್ಳುವವಳು. ಓಬಳಮ್ಮನಿಗಿಂತ ಬಹಳ ಚಿಕ್ಕವಳು. ಮಕ್ಕಳಾಗಲಿಲ್ಲ ಅಂತ ಗಂಡ ಬಿಟ್ಟುಹೋಗಿದ್ದ. ತೌರಿನವರು ಪತ್ತೆ ಇಲ್ಲ. ಬಾಯಿ ತುಂಬ ನಗು. ಕಸಾ ಅಂತ ಕೂಗುವಾಗಲೂ ಹಾಡಿನ ಥರ ಎಳೆಯುತ್ತಿದ್ದಳು. ಅವಳಿಗೂ ಗಿರಿರಾಜನೇ ಪ್ಯಾಕೆಟ್ ಕೊಟ್ಟು ಮೋರಿಗಿಳಿಸಿದ್ದ.

ಓಬಳಮ್ಮನ ಶೀಟ್ ಮನೆಯಲ್ಲೇ ಇಬ್ಬರೂ ಮಲಗಿದರು. ಗುರುದೇವಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಮಾತ್ರೆ ನುಂಗಿಸಿ ನಾಡಿ ನೋಡಿ ಹೋಗುತ್ತಿದ್ದಳು. ಮೈಯೆಲ್ಲ ಬೆವರು. ಕುಡಿದ ನೀರು ನಿಲ್ಲುತ್ತಿರಲಿಲ್ಲ. ಓಬಳಮ್ಮನಿಗೆ ಕೈ ಮೇಲೆ ಇರುವೆ ಹರಿದ ಹಾಗೆ. ಕೊಡವುತ್ತಿದ್ದಳು, ಉಜ್ಜುತ್ತಿದ್ದಳು, ಚರ್ಮ ಕಿತ್ತು ಬಂತು. ಮಾಲಾ ತಾನೇ ನಡುಗುತ್ತಾ ಅವಳ ಕೈಗಳನ್ನು ಹಿಡಿದುಕೊಂಡು ಕೂತಳು.

"ಅಕ್ಕಾ, ಇರುವೆ ಎಲ್ಲಿ ತೋರ್ಸು. ನಾನು ಹಿಡೀತೀನಿ."

"ಇಲ್ಲಿ ಕಣೇ. ಇಲ್ಲೇ."

"ಸಿಕ್ತು. ಬಾಯಿಗೆ ಹಾಕ್ಕೊಂಡೆ ಬಿಡು. ಹುಳಿಯಾಗಿದೆ."

ಆ ಸ್ಥಿತಿಯಲ್ಲೂ ಇಬ್ಬರೂ ನಕ್ಕರು. ಆಮೇಲೆ ಒಂದು ಬೆಳಿಗ್ಗೆ ಓಬಳಮ್ಮ ಎದ್ದು ಗಂಜಿ ಕುಡಿದಳು. ಗಂಜಿ ಹೊಟ್ಟೆಯಲ್ಲಿ ನಿಂತಿತು. ಮಾಲಾ ತಲೆ ಬಾಚಿಕೊಂಡು, "ಹಸಿವಾಗ್ತಿದೆ ಅಕ್ಕಾ" ಅಂದಳು. ಹಸಿವು ಅಂದರೆ ಏನು ಅನ್ನೋದೇ ಇಬ್ಬರಿಗೂ ಮರೆತುಹೋಗಿತ್ತು.

ಒಂದು ಬುಧವಾರ ಭವನಕ್ಕೆ ಕಪ್ಪು ಕನ್ನಡಕ ಹಾಕಿಕೊಂಡ ಹೆಂಗಸೊಬ್ಬರು ಬಂದರು. ಓಬಳಮ್ಮ ಎದ್ದು ನಿಂತಳು. ಸಂಘದ ಕಾರ್ಯದರ್ಶಿ ಶ್ಯಾಮಸುಂದರ ಅವರ ಹೆಂಡತಿ, ಅಲಮೇಲು ಮೇಡಂ. ಹೈಸ್ಕೂಲಲ್ಲಿ ಪಾಠ ಹೇಳಿ ರಿಟೈರಾದವರು. ಆ ಬೀದಿಯಲ್ಲಿ ಓಬಳಮ್ಮನಿಗೆ ನೀರು ಕೊಡುತ್ತಿದ್ದದ್ದು ಅವರೊಬ್ಬರೇ. ಬೇರೆ ಬಾಟ್ಲಿಯಲ್ಲಿ, ಕಾಂಪೌಂಡ್ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಅವರು ಚಾಪೆಯ ಅಂಚಲ್ಲಿ ಕೂತರು. ಕನ್ನಡಕ ತೆಗೆದು ಹೇಳಿದರು.

"ನನಗೆ ಬೆಳಿಗ್ಗೆ ಎದ್ದ ತಕ್ಷಣ ಬೇಕು. ಸ್ಟೀಲ್ ಲೋಟದಲ್ಲಿ ಹಾಕ್ಕೋತೀನಿ. ಕಾಫಿ ಅಂದ್ಕೋತಾರೆ."

"ನಮಗೂ ಅಷ್ಟೇ ಮೇಡಂ," ಅಂದಳು ಮಾಲಾ. "ನಮ್ಮತ್ರ ಲೋಟ ಇಲ್ಲ, ಅಷ್ಟೇ."

ಎಲ್ಲರೂ ನಕ್ಕರು. ಅಲಮೇಲು ಮೊದಲು ಬೆಚ್ಚಿದರು, ಆಮೇಲೆ ಅವರೂ ನಕ್ಕರು, ನಗುತ್ತಾ ಅತ್ತರು. ಮಾಲಾ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ. ಆಮೇಲೆ ವಾರ ವಾರ ಬಂದರು. ಪಾರ್ಕಿನ ಹಿಂದಿನ ಸಂದಿಯಿಂದ ಬರುತ್ತಿದ್ದರು, ಹಾಗೇ ಹೋಗುತ್ತಿದ್ದರು. ಬೀದಿಯಲ್ಲಿ ಎದುರು ಸಿಕ್ಕರೆ ಕಂಡೂ ಕಾಣದ ಹಾಗೆ ನಡೆಯುತ್ತಿದ್ದರು. ಓಬಳಮ್ಮ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಭವನದೊಳಗೆ ಒಂದೇ ಚಾಪೆ. ಅದೇ ಅವಳಿಗೆ ಅಲ್ಲಿತನಕ ಸಿಕ್ಕಿರಲಿಲ್ಲ.

ಈ ನಡುವೆ ಮಗಳಿಗೆ ಹೆರಿಗೆಯಾಯಿತು. ಓಬಳಮ್ಮ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಒಂದು ಹನಿ ಮುಟ್ಟದೆ ಕೆಂಗೇರಿಗೆ ಹೋದಳು. ಬೀಗಿತ್ತಿ ಹತ್ತಿರ ಬಂದು ಮೂಸಿದಳು. ಮನುಷ್ಯರನ್ನು ಹಾಗೆ ಮೂಸುತ್ತಾರಾ? ವಾಸನೆ ಸಿಗಲಿಲ್ಲ. ಆದರೂ ಒಳಗೆ ಬಿಡಲಿಲ್ಲ.

"ಇವತ್ತಿಲ್ಲ. ನಾಳೆ ಇರತ್ತೆ. ಬಾಗಿಲಿಂದಲೇ ನೋಡ್ಕೊಂಡು ಹೋಗ್ಲಿ."

ಸೌಂದರ್ಯಾ ಮಗುವನ್ನು ಎತ್ತಿ ತೋರಿಸಿದಳು. ಹೆಣ್ಣು. ಓಬಳಮ್ಮ ಕೈ ಚಾಚಲಿಲ್ಲ. ಚಾಚಿದರೆ ಇಲ್ಲ ಅನ್ನುತ್ತಾರೆ ಅಂತ ಗೊತ್ತಿತ್ತು.

ಆ ಸಂಜೆ ಮಾಲಾ ಇಲ್ಲದಿದ್ದರೆ ಅವಳು ಮತ್ತೆ ಕುಡಿಯುತ್ತಿದ್ದಳು. ಮಾಲಾ ಅವಳ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ಹೋಗೋದಾದ್ರೆ ನನ್ನ ದಾಟ್ಕೊಂಡು ಹೋಗು," ಅಂದಳು. ಬೆಳಕು ಹರಿಯುವ ತನಕ ಕದಲಲಿಲ್ಲ.

ಭವನದ ಸುದ್ದಿ ಲೇಔಟಿಗೆ ಹಬ್ಬಿತು. ಆರೋಗ್ಯ ಶಿಬಿರ ಅಲ್ಲ, ಕುಡುಕಿಯರು ಸೇರ್ತಾರೆ ಅಂತ ವಾಟ್ಸಾಪ್ ಗ್ರೂಪಲ್ಲಿ ಯಾರೋ ಹಾಕಿದರು. ಸಂಘ ಭಾನುವಾರ ಅದೇ ಭವನದಲ್ಲಿ ಸಭೆ ಕರೆಯಿತು. ಚಾಪೆಯ ಜಾಗದಲ್ಲಿ ಕುರ್ಚಿ ಹಾಕಿದ್ದರು. ಗುರುದೇವಿಯನ್ನು ಕರೆದಿದ್ದರು. ಓಬಳಮ್ಮನನ್ನು ಕರೆದಿರಲಿಲ್ಲ. ಅವಳು ಹೋಗಿ ಬಾಗಿಲಲ್ಲಿ ನಿಂತಳು. ಎರಡನೇ ಸಾಲಲ್ಲಿ ಅಲಮೇಲು ಕೂತಿದ್ದರು.

ಶ್ಯಾಮಸುಂದರ ಮೆತ್ತಗೆ ಮಾತಾಡುವ ಮನುಷ್ಯ. "ಯಾರ ಮೇಲೂ ನಮಗೆ ದ್ವೇಷ ಇಲ್ಲ ಸಿಸ್ಟರ್. ಒಳ್ಳೇ ಕೆಲಸಾನೇ. ಆದ್ರೆ ಇಲ್ಲಿ ಬೇಡ. ಪಾರ್ಕಲ್ಲಿ ಮಕ್ಕಳು ಆಡ್ತಾರೆ."

"ನಾಳೆ ಮನೆ ಬಾಡಿಗೆಗೆ ಯಾರು ಬರ್ತಾರೆ ಅಂಕಲ್?" ಅಂದ ಹಿಂದಿನಿಂದ ಒಬ್ಬ. "ರಿಹ್ಯಾಬ್ ಪಕ್ಕ ಅಂದ್ರೆ ಫ್ಯಾಮಿಲಿಯವರು ನೋಡೋಕೂ ಬರಲ್ಲ."

ಗುರುದೇವಿ ಎದ್ದಳು. "ಇವ್ರು ನಿಮ್ಮ ಮನಿ ಮುಂದ ಕಸಾ ಹೊಡಿಯೋರು, ನಿಮ್ಮ ಭಾಂಡಿ ತಿಕ್ಕೋರು. ಮುಂಜಾನೆ ಬಂದ್ರ ನಡಿತೈತಿ, ಮಧ್ಯಾಹ್ನ ಬಂದ್ರ ನಡಿಯಂಗಿಲ್ಲ ಏನ್ರಿ? ದೂರ ಕಳಿಸಿದ್ರ ಇವ್ರು ಬರಂಗಿಲ್ಲ. ಕೆಲಸಾ ಬಿಟ್ಟು ಎರಡು ಬಸ್ ಹತ್ತಿ ಯಾರು ಬರ್ತಾರ? ಈ ರೋಗಕ್ಕ ಔಷಧ ಮನಿ ಹತ್ರಾನ ಇರ್ಬೇಕ್ರಿ."

ಶ್ಯಾಮಸುಂದರ ಬಾಗಿಲ ಕಡೆ ನೋಡಿದರು. "ಓಬಳಮ್ಮ, ನೀನು ಬೇರೆ ಬಿಡು. ನಿನ್ನ ಎಷ್ಟು ವರ್ಷದಿಂದ ನೋಡ್ತಿದೀವಿ. ನೀನೇ ಹೇಳು, ಇಲ್ಲಿಗೆ ಎಂಥೆಂಥವರು ಬರ್ತಾರೆ?"

"ನಾನು ಬರ್ತೀನಿ ಸಾರ್."

ಕುರ್ಚಿಗಳು ಕಿರುಗುಟ್ಟಿದವು.

"ನಾನು ಕುಡೀತಿದ್ದೆ. ನಿಮ್ಮ ಬೀದೀನ ಕುಡಿದೇ ಗುಡಿಸ್ತಿದ್ದೆ. ಆಗ ಯಾರೂ ಮೀಟಿಂಗ್ ಕರೀಲಿಲ್ಲ. ಬಿಟ್ಟ ಮೇಲೆ ಕರ್ದಿದೀರಿ."

"ಇನ್ನು ಯಾರ್ಯಾರು ಬರ್ತಾರೆ?"

"ಅದು ಹೇಳಲ್ಲ ಸಾರ್."

"ನಮ್ಮ ಲೇಔಟಿನವರು ಯಾರಾದ್ರೂ?"

ಅಲಮೇಲು ಬ್ಯಾಗು ತೆರೆದು ಒಳಗೆ ಏನನ್ನೋ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. ಓಬಳಮ್ಮನ ಗಂಟಲಿಗೆ ಹೆಸರು ಬಂತು. ಆ ಒಂದು ಹೆಸರು ಹೇಳಿದರೆ ಭವನ ಉಳಿಯುತ್ತಿತ್ತೋ ಏನೋ. ನುಂಗಿಕೊಂಡಳು.

"ಹೇಳಲ್ಲ ಅಂದ್ನಲ್ಲ."

ಬೇಡ ಅನ್ನುವವರು ಕೈಯೆತ್ತಿ ಅಂತ ಶ್ಯಾಮಸುಂದರ ಕೇಳಿದರು. ಕೈಗಳೆದ್ದವು. ಅಲಮೇಲು ಕೈಯೂ ಎದ್ದಿತು. ಪೂರ್ತಿ ಎದ್ದಿರಲಿಲ್ಲ, ಕಿವಿಯ ತನಕ. ಆದರೂ ಅದು ಎದ್ದ ಕೈಯೇ.

ಭವನಕ್ಕೆ ಬೀಗ ಬಿತ್ತು. ಗುರುದೇವಿಗೆ ಕೆಂಗೇರಿ ಆಚೆ ಒಂದು ಶೆಡ್ಡು ತೋರಿಸಿದರು. ಓಬಳಮ್ಮ ಎರಡು ಸಲ ಹೋಗಿ ಬಂದಳು. ಪಾತ್ರೆ ತಿಕ್ಕುವವರು ಒಬ್ಬೊಬ್ಬರೇ ಬರೋದು ನಿಲ್ಲಿಸಿದರು. ಮಾಲಾಗೆ ಕಸದ ಆಟೋ ಕೆಲಸ ಮುಗಿಯುವಷ್ಟರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. ಬಸ್ ಹಿಡಿದು ಅಲ್ಲಿಗೆ ಮುಟ್ಟಿದರೆ ಶೆಡ್ಡು ಖಾಲಿ. ಒಂದು ಸಲ ಹಾಗೇ ಬಾಗಿಲು ಮುಟ್ಟಿ ವಾಪಸ್ ಬಂದಳು. ಮಾರನೇ ದಿನ ಗಿರಿರಾಜ್ ಮೋರಿ ತೋರಿಸಿದ. ಜೊತೆಗೆ ಪ್ಯಾಕೆಟ್ಟನ್ನೂ ತೋರಿಸಿದ.

ಅವಳು ಓಬಳಮ್ಮನಿಂದ ತಪ್ಪಿಸಿಕೊಂಡು ಓಡಾಡತೊಡಗಿದಳು. ಕಸಾ ಅನ್ನುವ ಕೂಗಿನಲ್ಲಿ ಎಳೆತ ಇರಲಿಲ್ಲ. ಒಂದು ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲಿ ಓಬಳಮ್ಮ ಅವಳ ಮುಂಗೈ ಹಿಡಿದು ನಿಲ್ಲಿಸಿದಳು. ಬಾಯಿಂದ ವಾಸನೆ ಬಂತು. ಮಾಲಾ ಮುಖ ಮುಚ್ಚಿಕೊಂಡಳು.

"ಬೈಬೇಡ ಅಕ್ಕಾ. ನಾನೇ ಬಿಟ್ಬಿಡ್ತೀನಿ. ನಾಳೆಯಿಂದ ಒಂದು ಹನೀನೂ ಇಲ್ಲ. ನಿಂಗೆ ಮುಖ ತೋರ್ಸೋ ಹಂಗಾದ್ಮೇಲೆ ಬರ್ತೀನಿ."

"ಒಂದೇ ಸಲ ಬಿಡಬೇಡ ಕಣೇ. ಸಿಸ್ಟರ್ ಹೇಳಿಲ್ವಾ? ನನ್ನ ಮನೆಗೆ ಬಾ. ಇಬ್ರೂ ಹೋಗೋಣ."

"ನಿಂಗೂ ನಾನು ಭಾರ ಆಗಲ್ಲ," ಅಂದು ಮಾಲಾ ಕೈ ಬಿಡಿಸಿಕೊಂಡಳು. ಆಟೋ ಹೊರಟಿತು. ಓಬಳಮ್ಮ ಸಂಜೆ ಅವಳ ಮನೆಗೆ ಹೋದಳು. ಬಾಗಿಲು ಒಳಗಿಂದ ಹಾಕಿತ್ತು. ಮಾರನೇ ದಿನವೂ ಹೋದಳು. "ಚೆನ್ನಾಗಿದೀನಿ ಅಕ್ಕಾ, ಮುಟ್ಟಿಲ್ಲ, ಆಣೆಗೂ ಮುಟ್ಟಿಲ್ಲ" ಅಂತ ಒಳಗಿಂದ ದನಿ ಬಂತು. ದನಿ ನಡುಗುತ್ತಿತ್ತು. ಬಾಗಿಲು ಒಡೆಯಬೇಕಾಗಿತ್ತು. ಓಬಳಮ್ಮ ಒಡೆಯಲಿಲ್ಲ.

ಬುಧವಾರ ಬೆಳಿಗ್ಗೆ ಮಾಲಾ ಪಾರ್ಕಿಗೆ ಬಂದಳು. ಭವನಕ್ಕೆ ಬೀಗ ಇದೆ ಅಂತ ಅವಳಿಗೆ ಗೊತ್ತಿತ್ತು. ಆದರೂ ಬಂದಳು. ಕಾಲು ತಾನಾಗಿ ಅಲ್ಲಿಗೆ ಎಳೆದಿರಬೇಕು. ಭವನದ ಮೆಟ್ಟಿಲ ಹತ್ತಿರ ಮೈ ಸೆಟೆದು ಬಿದ್ದಳು. ಫಿಟ್ಸ್. ವಾಕಿಂಗ್ ಹೊತ್ತು. ಪಾರ್ಕಿನ ತುಂಬ ಜನ. ನೋಡಿದರು. ದಾಟಿಕೊಂಡು ನಡೆದರು. ಒಂದು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬಂದು ಮತ್ತೆ ದಾಟಿದರು. ಒಬ್ಬ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ. ನಾವು ಹೇಳಿದ್ದು ಇದನ್ನೇ ಅಂತ ಬರೆದ. ಬೆಳ್ಳಂಬೆಳಿಗ್ಗೆ ಕುಡಿದು ಬಿದ್ದಿದ್ದಾಳೆ ನೋಡಿ ಅಂತ ಬರೆದ.

ಓಬಳಮ್ಮ ಹಿಂದಿನ ಕ್ರಾಸಲ್ಲಿ ಗುಡಿಸುತ್ತಿದ್ದಳು. ಹೂ ಕೀಳಲು ಬಂದ ಅಜ್ಜಿಯೊಬ್ಬರು, "ನಿಮ್ಮೋಳು ಯಾರೋ ಬಿದ್ದವ್ಳೆ" ಅಂದಾಗ ಓಡಿದಳು. ಮಾಲಾ ಮಗ್ಗುಲಾಗಿ ಬಿದ್ದಿದ್ದಳು. ನಾಲಿಗೆ ಕಚ್ಚಿ ರಕ್ತ. ಬಾಯಲ್ಲಿ ನೊರೆ. ಸೀರೆ ಒದ್ದೆ. ಓಬಳಮ್ಮ ಮುಖಕ್ಕೆ ಮುಖ ತಂದಳು. ಬಾಯಿಂದ ಸಾರಾಯಿ ವಾಸನೆ ಬರಲಿಲ್ಲ. ಆಟೋದವರು ನಿಲ್ಲಿಸಿ ನೋಡಿ ಹೋದರು. ಕೊನೆಗೆ ಕಸದ ಆಟೋನೇ ಬಂತು. ಹಸಿಕಸದ ಮೇಲೆ ಗೋಣಿ ಹಾಸಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ದಾರಿಯಲ್ಲಿ ಓಬಳಮ್ಮ ಅವಳ ಮುಖದ ಮೇಲೆ ಕೂರುವ ನೊಣ ಓಡಿಸುತ್ತಿದ್ದಳು. ಯಾವ ತಿರುವಿನಲ್ಲಿ ಜೀವ ಹೋಯಿತೋ ಗೊತ್ತಾಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಇವರು ಕುಡಿದಿರಲಿಲ್ಲಮ್ಮ," ಅಂದಳು. "ಎರಡು ಮೂರು ದಿನದಿಂದ ಮುಟ್ಟಿಲ್ಲ ಅನ್ಸುತ್ತೆ. ಅದಕ್ಕೇ ಹೀಗಾಗಿದೆ. ಬಿದ್ದ ತಕ್ಷಣ ಯಾರಾದ್ರೂ ಕರ್ಕೊಂಡು ಬಂದಿದ್ರೆ..."

ಹೆಣ ಮನೆಗೆ ಬಂತು. ತಮಟೆಯವರು ಬಂದರು. ಸಾವಿನ ಮನೆ ಅಂದ ಮೇಲೆ ಗಂಡಸರೆಲ್ಲ ಹಾಕಿಕೊಂಡಿದ್ದರು. ಗಿರಿರಾಜ್ ಒಂದು ಚೀಲ ತುಂಬ ತಂದು ಹಂಚಿದ. ಓಬಳಮ್ಮನ ಕೈಗೂ ಒಂದು ಇಟ್ಟ. "ತಗೊಳಮ್ಮ. ಮೈ ತೊಳೀಬೇಕಲ್ಲ ನೀನು. ಧೈರ್ಯ ಬರತ್ತೆ." ಅದು ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಬೇಕು ಅನ್ನಿಸಿತು. ಕೈ ಅದನ್ನು ಹಲ್ಲಿನ ತನಕ ತಂದಿತ್ತು. ಓಬಳಮ್ಮ ಅದನ್ನು ಅವನ ಕಾಲ ಹತ್ತಿರ ಎಸೆದು ಒಳಗೆ ಹೋದಳು. ಮಾಲಾಳ ಮೈ ತೊಳೆದಳು. ಕಾಲ್ಬೆರಳ ಸಂದಿಯಲ್ಲಿ ಮೋರಿ ನೀರಿಗೆ ಆಗಿದ್ದ ಹುಣ್ಣು ತೊಳೆದಳು. ತಲೆ ಬಾಚಿದಳು. ಕುಡಿಯದೆ ಇದ್ದದ್ದಕ್ಕೆ ಎಲ್ಲವೂ ಕಂಡಿತು, ಎಲ್ಲ ವಾಸನೆಯೂ ಬಂತು. ಮಾಲಾ ಎಷ್ಟು ಹಗುರ ಇದ್ದಳು ಅನ್ನೋದೂ ತಿಳಿಯಿತು.

ಮಾರನೇ ದಿನ ಅವಳು ಗುಡಿಸುತ್ತಿರುವಾಗ ಶ್ಯಾಮಸುಂದರ ಪಾರ್ಕಿನ ಗೇಟಲ್ಲಿ ನಿಂತು ಕರೆದರು. ಗಿರಿರಾಜನೂ ಇದ್ದ. ಅಲಮೇಲು ಸ್ವಲ್ಪ ಹಿಂದೆ ನಿಂತಿದ್ದರು. ಬಕೆಟ್ಟು, ಫಿನಾಯಿಲ್ ಬಾಟ್ಲಿ ಮೆಟ್ಟಿಲ ಮೇಲಿತ್ತು.

"ಪಾಪ, ಹೀಗಾಗಬಾರದಿತ್ತು," ಅಂದರು ಶ್ಯಾಮಸುಂದರ. "ಓಬಳಮ್ಮ, ಆ ಜಾಗ ಸ್ವಲ್ಪ ತೊಳೆದುಬಿಡು. ಮಕ್ಕಳು ಓಡಾಡ್ತಾರೆ."

"ತೊಳೆಯಲ್ಲ."

ಅವರಿಗೆ ಕೇಳಿಸಲಿಲ್ಲವೇನೋ ಅನ್ನೋ ಹಾಗೆ ನಿಂತರು. ಓಬಳಮ್ಮ ಆ ಲೇಔಟಲ್ಲಿ ಯಾವ ಕೆಲಸಕ್ಕೂ ಇಲ್ಲ ಅಂದವಳಲ್ಲ. ಸತ್ತ ಇಲಿ ಎತ್ತು ಅಂದರೆ ಎತ್ತಿದ್ದಳು. ಒಳಚರಂಡಿ ನೋಡು ಅಂದರೆ ನೋಡಿದ್ದಳು.

"ಏಯ್, ಸಾರ್ ಹೇಳ್ತಿರೋದು ಕೇಳಿಸ್ಲಿಲ್ವಾ?" ಗಿರಿರಾಜ್ ಗದರಿದ.

"ಕೇಳಿಸ್ತು. ತೊಳೆಯಲ್ಲ. ಮಾಲಾ ಕುಡಿದಿರ್ಲಿಲ್ಲ ಸಾರ್. ಡಾಕ್ಟರು ಹೇಳಿದ್ರು. ಬಿಟ್ಟಿದ್ಲು. ಬಿಟ್ಟಿದ್ದಕ್ಕೇ ಬಿದ್ಲು. ನೀವೆಲ್ಲ ಅವಳನ್ನ ದಾಟ್ಕೊಂಡು ವಾಕಿಂಗ್ ಮಾಡಿದ್ರಿ. ಈಗ ಅವಳ ಎಂಜಲು ನಿಮಗೆ ಅಸಹ್ಯ. ನಿಮ್ಮ ಬಾಟ್ಲಿ ಎತ್ತಿದೀನಿ, ನಿಮ್ಮ ಮಕ್ಕಳ ಕಕ್ಕಸ್ಸು ಎತ್ತಿದೀನಿ. ಅವಳ ರಕ್ತ ನಾನು ತೊಳೆಯಲ್ಲ. ಇರ್ಲಿ ಅಲ್ಲಿ. ನೋಡ್ಕೊಂಡು ನಡೀರಿ."

"ಕೆಲಸ ಹೋಗತ್ತೆ ನೋಡು," ಅಂದ ಗಿರಿರಾಜ್.

"ಹೋಗ್ಲಿ."

ಶ್ಯಾಮಸುಂದರ ಮುಖ ಕೆಂಪಾಗಿ ಫೋನ್ ತೆಗೆದು ಆಚೆ ನಡೆದರು. ಗಿರಿರಾಜ್ ಅವರ ಹಿಂದೆ ಓಡಿದ. ಅಲಮೇಲು ಅಲ್ಲೇ ಉಳಿದರು. ಓಬಳಮ್ಮ ಪೊರಕೆ ಎತ್ತಿಕೊಳ್ಳಲು ಬಗ್ಗಿದಾಗ ಅವರು ಹತ್ತಿರ ಬಂದರು. ದನಿ ಇಳಿಸಿದರು.

"ನಾನೂ ಅವತ್ತು ವಾಕಿಂಗ್ ಬಂದಿದ್ದೆ ಓಬಳಮ್ಮ. ನೋಡ್ದೆ. ಮತ್ತೆ ಕುಡಿದಿದ್ದಾಳೆ ಅಂದ್ಕೊಂಡೆ."

ಓಬಳಮ್ಮ ಅವರನ್ನು ನೋಡಿದಳು.

"ನೀವೂನಾ ಮೇಡಂ?"

ಅಷ್ಟೇ ಕೇಳಿದಳು. ಅಲಮೇಲು ಗೇಟು ಹಿಡಿದುಕೊಂಡು ನಿಂತೇ ಇದ್ದರು. ಓಬಳಮ್ಮ ಗುಡಿಸುತ್ತಾ ಮುಂದೆ ಹೋದಳು. ಕಣ್ಣು ಮಂಜಾಗಿ ಎಲೆ ಯಾವುದು ಪೇಪರ್ ಯಾವುದು ಕಾಣಿಸುತ್ತಿರಲಿಲ್ಲ.

ಕೆಲಸ ಹೋಗಲಿಲ್ಲ, ಕೆಲಸದ ಜಾಗ ಹೋಯಿತು. ಗಿರಿರಾಜ್ ಅವಳನ್ನು ದೊಡ್ಡ ಲಾರಿಗೆ ಕಸ ತುಂಬಲು ಹಾಕಿದ. ತಲೆ ಮೇಲೆ ಹೊತ್ತು ಏಣಿ ಹತ್ತಿ ಸುರಿಯೋದು. ಕುತ್ತಿಗೆಗೆ ಕಸದ ನೀರು ಇಳಿಯುತ್ತದೆ. ಅ‌ಲಮೇಲು ಮಗಳ ಮನೆಗೆ ಹೋಗಿದ್ದಾರೆ ಅಂತ ಲೇಔಟಲ್ಲಿ ಹೇಳಿದರು. ಊರಾಚೆ ತೋಟದ ಮಧ್ಯೆ, ಒಬ್ಬೊಬ್ಬರಿಗೆ ಒಂದೊಂದು ರೂಮು ಕೊಡುವ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಅವರ ಮನೆ ಕೆಲಸದವಳು ಹೇಳಿದಳು. ಅವರಿಗೆ ವಾಸಿಯಾಗಲಿ. ಓಬಳಮ್ಮನಿಗೆ ಅದರ ಮೇಲೆ ಸಿಟ್ಟಿರಲಿಲ್ಲ. ಮಾಲಾಗೆ ಒಂದು ಚಾಪೆ ಯಾಕೆ ಉಳಿಯಲಿಲ್ಲ ಅನ್ನೋದಕ್ಕೆ ಸಿಟ್ಟಿತ್ತು.

ಮುಂದಿನ ಬುಧವಾರ ಲಾರಿ ಇಳಿದು, ಮೈ ತೊಳೆದುಕೊಂಡು, ಅವಳು ಪಾರ್ಕಿಗೆ ಬಂದಳು. ಪಾತ್ರೆ ತಿಕ್ಕುವ ಇಬ್ಬರನ್ನೂ ಛತ್ರದವಳೊಬ್ಬಳನ್ನೂ ಮನೆ ಮನೆಗೆ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ಬೀಗ ಹಾಕಿದ ಭವನದ ಎದುರು, ಫುಟ್‌ಪಾತ್ ಕಲ್ಲಿನ ಮೇಲೆ ಕೂತರು. ಗುರುದೇವಿಗೆ ಫೋನ್ ಮಾಡಿ ಇಲ್ಲಿಗೇ ಬನ್ನಿ ಅಂದಿದ್ದಳು. ಅವಳಿನ್ನೂ ಬಸ್ಸಲ್ಲಿದ್ದಳು. ಶ್ಯಾಮಸುಂದರ ಗೇಟಿನಿಂದ ಕೂಗಿದರು.

"ಇಲ್ಲಿ ಕೂರಂಗಿಲ್ಲ. ಪೊಲೀಸ್ ಕರೀತೀನಿ."

"ಕರೀರಿ ಸಾರ್. ನಾವು ಇಲ್ಲೇ ಇರ್ತೀವಿ."

ಬಿಸಿಲು ಜೋರಿತ್ತು. ಮಾಲಾ ಇಲ್ಲದ ಮೇಲೆ ಮಾತು ಯಾರು ಶುರು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಆಗ ರಸ್ತೆ ಆಚೆಯಿಂದ ಒಬ್ಬ ಹೆಂಗಸು ಬಂದಳು. ಯಾರೂ ಅವಳನ್ನು ಕಂಡಿರಲಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಕಾಲು ಸರಿಯಾಗಿ ಊರುತ್ತಿರಲಿಲ್ಲ.

"ಇಲ್ಲಿ ಯಾರೋ ನರ್ಸಮ್ಮ ಹೆಂಗಸರಿಗೂ ಮಾತ್ರೆ ಕೊಡ್ತಾರಂತೆ. ಎಲ್ಲಿ ಅಕ್ಕಾ?"

"ಇಲ್ಲೇ."

ಅವಳು ಭವನದ ಕಡೆ ನೋಡಿದಳು. "ಬಾಗ್ಲು ಯಾವಾಗ ತೆಗೀತಾರೆ?"

"ತೆಗೆಯಲ್ಲ. ಕೂತ್ಕೊ."

ಓಬಳಮ್ಮ ಜರುಗಿ ತಾನು ಕೂತಿದ್ದ ಜಾಗ ಬಿಟ್ಟುಕೊಟ್ಟಳು. ಆ ಹೆಂಗಸು ಕೂತಳು. ಗಪ್ ಅಂತ ವಾಸನೆ ಹೊಡೆಯಿತು.

"ಕೊನೇ ಸಲ ಯಾವಾಗ ಕುಡಿದೆ?"

ಅವಳು ತಲೆ ತಗ್ಗಿಸಿದಳು. "ಈಗ್ಲೇ. ಬಸ್ ಇಳಿದು. ಇನ್ಮೇಲೆ ಮುಟ್ಟಲ್ಲ ಅಕ್ಕಾ, ನಿಮ್ಮಾಣೆ."

"ಆಣೆ ಇಡಬೇಡ," ಅಂದಳು ಓಬಳಮ್ಮ. "ಒಬ್ಬಳೇ ಬಿಡೋಕೆ ಹೋಗಬೇಡ. ಮನೆ ಎಲ್ಲಿ ಹೇಳು. ರಾತ್ರಿ ನಾನು ಬಂದು ಇರ್ತೀನಿ."

ಆ ಹೆಂಗಸು ಅವಳ ಮುಖವನ್ನೇ ನೋಡಿದಳು. ಆಮೇಲೆ ಅಳತೊಡಗಿದಳು, ದೊಡ್ಡ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ. ಎದುರು ಸಾಲಿನ ಮನೆಗಳಲ್ಲಿ ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ಫುಟ್‌ಪಾತಲ್ಲಿ ಕೂತಿದ್ದವರು ಯಾರೂ ಅವಳಿಗೆ ಸುಮ್ಮನಿರು ಅನ್ನಲಿಲ್ಲ.